ಎರಡು ಮಾತ್ರೆ ಒಟ್ಟಿಗೆ ನುಂಗ್ತೀನಿ, ತಪ್ಪಾ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಎಚ್‌ಐವಿ ಇದೆ ಅಂತ ಗೊತ್ತಾಗಿ ಏಳು ವರ್ಷವಾಯಿತು. ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಹೋದ ವರ್ಷದ ಪರೀಕ್ಷೆಯಲ್ಲಿ ವೈರಸ್ ಕಾಣಿಸಿಯೇ ಇರಲಿಲ್ಲ. ಆದರೆ ಐದು ತಿಂಗಳಿಂದ ಮುಟ್ಟು ಒಂಬತ್ತು ದಿನ ಹೋಗುತ್ತಿದೆ, ಗಡ್ಡೆ ಗಡ್ಡೆಯಾಗಿ. ಸುಸ್ತಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಮರೆತುಹೋಗುತ್ತೆ ಅಂತ ರಾತ್ರಿ ಮಲಗುವಾಗ ಎರಡನ್ನೂ ಒಟ್ಟಿಗೆ ನುಂಗುತ್ತೇನೆ. ಸೋಂಕು ಮತ್ತೆ ಜಾಸ್ತಿಯಾಗಿದೆಯಾ? ಮಗಳ ಬಟ್ಟೆ ಜೊತೆ ನನ್ನದು ಒಗೆಯಲೂ ಭಯ.

ಉತ್ತರ: ಮೊದಲು ಆ ಎರಡು ಮಾತ್ರೆಗಳ ವಿಷಯ. ಎಆರ್‌ಟಿ ಡಬ್ಬಿಯ ಮೇಲೆ ಡೊಲುಟೆಗ್ರಾವಿರ್ ಅಂತ ಬರೆದಿದೆಯಾ ನೋಡಿ. ಈಗ ತುಂಬಾ ಜನಕ್ಕೆ ಕೊಡುವುದು ಅದನ್ನೇ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಜೊತೆ ನುಂಗಿದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತಗೋಬಹುದು. ಇಲ್ಲದಿದ್ದರೆ ಮೊದಲು ಎಆರ್‌ಟಿ, ಎರಡು ಗಂಟೆ ಬಿಟ್ಟು ಕಬ್ಬಿಣ. ಕ್ಯಾಲ್ಸಿಯಂ ಮಾತ್ರೆಗೂ ಇದೇ ಲೆಕ್ಕ. ಮಾತ್ರೆ ಕೈಗೆ ಕೊಡುವಾಗಲೇ ಇದನ್ನು ಹೇಳಬೇಕಿತ್ತು, ಅಲ್ವಾ? ನನಗೆ ಸಿಟ್ಟು ಬರುವುದು ಅಲ್ಲೇ. ಹೀಗೆ ನುಂಗುತ್ತಿದ್ದೆ ಅಂತ ನಿಮ್ಮ ಎಆರ್‌ಟಿ ಡಾಕ್ಟರಿಗೆ ಹೇಳಿ, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ) ಇನ್ನೊಮ್ಮೆ ನೋಡಿಸಿ.

ರಕ್ತ ಜಾಸ್ತಿ ಹೋದರೆ ವೈರಸ್ ಜಾಸ್ತಿಯಾಗಿದೆ ಅಂತ ಅರ್ಥವಲ್ಲ. ತೂಕ ತೀರಾ ಇಳಿದು, ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ರಕ್ತಕಣಗಳು ಕುಸಿದವರಿಗೆ ಮುಟ್ಟು ನಿಂತೇ ಹೋಗುವುದುಂಟು. ನಿಮ್ಮದು ಅದರ ಉಲ್ಟಾ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಪಾಲಿಪ್ (ಗರ್ಭಕೋಶದ ಒಳಗೆ ಬೆಳೆಯುವ ಸಣ್ಣ ಮಾಂಸದ ಗಂಟು), ಥೈರಾಯ್ಡ್ ತೊಂದರೆ, ಹೀಗೆ ಈ ವಯಸ್ಸಿನ ಯಾವ ಹೆಂಗಸಿಗೂ ಬರಬಹುದಾದ ಕಾರಣಗಳನ್ನೇ ನಾನು ಮೊದಲು ಹುಡುಕುತ್ತೇನೆ. ಸ್ಕ್ಯಾನ್ ಮಾಡಿಸಿ, ಹಿಮೋಗ್ಲೋಬಿನ್ ನೋಡಿಸಿ. ಗರ್ಭಿಣಿಯಲ್ಲ ಅಂತಲೂ ಖಾತ್ರಿಯಾಗಲಿ.

ಗರ್ಭಕೋಶದ ಬಾಯಿಯ ಪರೀಕ್ಷೆಯನ್ನಂತೂ ಮುಂದೆ ಹಾಕಬೇಡಿ. ಎಚ್‌ಐವಿ ಇರುವವರಿಗೆ ಅಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು 6 ಪಟ್ಟು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇರುವವರಿಗೆ 25ನೇ ವಯಸ್ಸಿನಿಂದಲೇ ಪರೀಕ್ಷೆ ಶುರುವಾಗಲಿ ಅನ್ನುತ್ತದೆ. ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸಿದರೆ ಅದನ್ನು ಬಾಯಿಬಿಟ್ಟು ಹೇಳಿ. ಗಂಟೆಗೊಂದು ಪ್ಯಾಡ್ ತುಂಬಿದರೆ, ತಲೆ ಸುತ್ತಿದರೆ, ಅವತ್ತೇ ಆಸ್ಪತ್ರೆಗೆ ಹೊರಡಿ.

ಬಟ್ಟೆ ಒಗೆಯುವುದರಿಂದ ಎಚ್‌ಐವಿ ಹರಡುವುದಿಲ್ಲ. ಮಗಳದನ್ನೂ ನಿಮ್ಮದನ್ನೂ ಒಂದೇ ಬಕೆಟ್ಟಿಗೆ ಹಾಕಿ, ಸೋಪು ಹಾಕಿ ತಿಕ್ಕಿ. ಕಲೆಗೆ ಮಾತ್ರ ಮೊದಲು ತಣ್ಣೀರು ಹಾಕಿ. ಬಿಸಿನೀರು ಬಿದ್ದರೆ ಅದು ಅಲ್ಲೇ ಕೂತುಬಿಡುತ್ತದೆ.