ಬಿದ್ದರೆ ಯಾರನ್ನು ಕೇಳುತ್ತೀರಿ?

ನಾಲ್ಕೂವರೆ ವರ್ಷದ ಹುಡುಗ, ಎಲ್‌ಕೆಜಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ನೋಡಿಕೊಳ್ಳುವುದು ಅಜ್ಜಿ. ಪೆನ್ಸಿಲ್ ಹಿಡಿದು ಕೂರಲ್ಲ, ಸಾಲಿನಲ್ಲಿ ನಿಂತರೆ ಪಕ್ಕದವರ ಮೇಲೆ ವಾಲುತ್ತಾನೆ ಎಂದು ಶಾಲೆಯ ದೂರು. ಏಕಾಗ್ರತೆಗೆ ಏನು ಮಾಡಬೇಕೆಂದು ತಾಯಿ ನನ್ನ ಬಳಿ ಕೇಳಲು ಬಂದಿದ್ದರು. ಇಂಥ ಮಕ್ಕಳು ಮೇಲಿಂದ ಮೇಲೆ ಬರುತ್ತಿರುವುದರಿಂದ ಗುರುತು ಮರೆಸಿ ಬರೆಯುತ್ತಿದ್ದೇನೆ.

ಎರಡನೇ ಭೇಟಿಗೆ ಅಜ್ಜಿಯನ್ನೂ ಕರೆಸಿದೆ. ಒಂಟಿ ಕಾಲಲ್ಲಿ ನಿಲ್ಲು ಎಂದರೆ ಎರಡು ಎಣಿಸುವಷ್ಟರಲ್ಲಿ ಹುಡುಗ ಕಾಲೂರಿದ. ಈ ವಯಸ್ಸಿಗೆ ಐದು ಎಣಿಸುವ ತನಕವಾದರೂ ನಿಲ್ಲಬೇಕು. ಕುಂಟಲು ಬರಲಿಲ್ಲ. ಚೆಂಡು ಎಸೆದರೆ ಕಣ್ಣು ಮುಚ್ಚಿ ಮುಖ ತಿರುಗಿಸಿದ. ಮೆಟ್ಟಿಲ ಹತ್ತಿರ ಹೋದದ್ದೇ ಎರಡೂ ಕೈ ಮೇಲೆತ್ತಿ ನಿಂತ. ಅಜ್ಜಿ ಬಗ್ಗಿ ಎತ್ತಿಕೊಂಡರು. ಯಾಕಮ್ಮ ಎಂದು ಕೇಳಿದೆ. ಸೊಸೆಯ ಕಡೆ ನೋಡದೆ ಹೇಳಿದರು: "ಬಿದ್ದು ಮಂಡಿ ತರಚಿದ್ರೆ ಸಂಜೆ ಉತ್ತರ ಹೇಳ್ಬೇಕಾದವಳು ನಾನಲ್ವಾ ಮೇಡಂ?"

ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಸಿಕ್ಕಿತು. ಹಗಲಿಡೀ ಮಗು ಸೋಫಾ ಮೇಲೆ ಮೊಬೈಲ್ ಹಿಡಿದು ಕೂತಿರುವುದು ಅಜ್ಜಿಯ ಸೋಮಾರಿತನದಿಂದಲ್ಲ, ಬೈಸಿಕೊಳ್ಳುವ ಭಯದಿಂದ. ಹಾಗಾಗಿ ವ್ಯಾಯಾಮ ಹೇಳುವ ಮೊದಲು ಸೊಸೆಯಿಂದ ಅಲ್ಲೇ ಒಂದು ಮಾತು ಹೇಳಿಸಿದೆ: "ಅತ್ತೆ, ಆಡ್ತಾ ಬಿದ್ದ ಅಂದ್ರೆ ನಾನು ಯಾಕೆ ಅಂತ ಕೇಳಲ್ಲ." ಈ ಮಾತು ಆಗದ ಮನೆಯಲ್ಲಿ ನಾನು ಬರೆದುಕೊಡುವ ಚೀಟಿ ಫ್ರಿಜ್ ಮೇಲೇ ಉಳಿಯುತ್ತದೆ.

ಹುಡುಗನನ್ನು ನೆಲದಿಂದ ಎಬ್ಬಿಸಿಯೂ ನೋಡಿದ್ದೆ. ತೊಡೆಯ ಮೇಲೆ ಕೈಯೂರಿ ಊರಿ ಏಳುವ ಮಗುವಾಗಿದ್ದರೆ, ಅಥವಾ ಮುಂಚೆ ಬರುತ್ತಿದ್ದ ಓಟ, ಜಿಗಿತ ಈಗ ಬಾರದಂತಾಗಿದ್ದರೆ, ಮೊದಲು ಮಕ್ಕಳ ವೈದ್ಯರ ಬಳಿ ಕಳಿಸಬೇಕು. ಇವನು ಸಲೀಸಾಗಿ ಎದ್ದ. ಇವನಿಗೆ ಬೇಕಿದ್ದದ್ದು ಅಭ್ಯಾಸ.

ಶುರು ಮಾಡಿಸಿದ್ದು ಮೆಟ್ಟಿಲಿಂದ. ಕೆಳಗಿನ ಮೂರು ಮೆಟ್ಟಿಲು ಮಾತ್ರ, ಬರಿಗಾಲಲ್ಲಿ. ಇಳಿಯುವಾಗ ದೊಡ್ಡವರು ಒಂದು ಮೆಟ್ಟಿಲು ಕೆಳಗೆ, ಮಗುವಿಗೆ ಎದುರಾಗಿ ನಿಲ್ಲಬೇಕು. ಮಗುವಿನ ಕೈ ಕಂಬಿಯ ಮೇಲಿರಲಿ; ಮಣಿಕಟ್ಟು ಹಿಡಿದು ಮೇಲಕ್ಕೆ ಜಗ್ಗಿದರೆ ಈ ವಯಸ್ಸಿನಲ್ಲಿ ಮೊಣಕೈ ಕೀಲು ಜಾರುವುದುಂಟು. ಮೊದಮೊದಲು ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟೇ ಇಳಿಯುತ್ತಾರೆ, ಅವಸರ ಬೇಡ. ಕುಂಟಾಬಿಲ್ಲೆಗೆ ಅಡಿಯಗಲದ ಮನೆ ಬರೆದು ಮೊದಲು ಜೋಡಿಗಾಲಲ್ಲಿ ಕಪ್ಪೆಯ ಹಾಗೆ ಜಿಗಿಸಿ, ಒಂಟಿ ಕಾಲು ಆಮೇಲೆ. ಚೆಂಡು ಚಿಕ್ಕದು, ಗಟ್ಟಿ ಇದ್ದರೆ ಮಗು ಹೆದರಿ ಕಣ್ಣು ಮುಚ್ಚುತ್ತದೆ. ಹಳೇ ಬಟ್ಟೆ ಸುತ್ತಿ ತೆಂಗಿನಕಾಯಿಯಷ್ಟು ದಪ್ಪದ್ದು ಮಾಡಿ, ನಾಲ್ಕಡಿ ದೂರದಿಂದ ಮೆಲ್ಲಗೆ ಎಸೆಯಿರಿ.

ಪೆನ್ಸಿಲ್ ಹಿಡಿದು ಕೂರದವನಿಗೆ ಕುಂಟಾಬಿಲ್ಲೆ ಯಾಕೆ ಎಂದು ತಾಯಿ ಕೇಳಿದರು. ಬೆನ್ನು, ಭುಜ ಗಟ್ಟಿ ನಿಲ್ಲದ ಮಗುವಿಗೆ ಕೂತಿರುವುದೇ ದೊಡ್ಡ ಕೆಲಸ. ಕಾಪಿ ಪುಸ್ತಕ ಹೆಚ್ಚಿಸಿದರೆ ಸಿಟ್ಟು ಹೆಚ್ಚುತ್ತದೆ, ಅಕ್ಷರ ಸುಧಾರಿಸುವುದಿಲ್ಲ. 3–4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟ, ಸ್ಕ್ರೀನ್ 1 ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಒಂದೇ ಸಲ ಮೂರು ಗಂಟೆ ಅಲ್ಲ, ದಿನವಿಡೀ ಹಂಚಿಕೊಂಡು.

ಬೇಸಿಗೆ ರಜೆಯ ಹೊತ್ತಿಗೆ ಹುಡುಗ ಕಂಬಿ ಹಿಡಿದು ಪಾದ ಬದಲಿಸಿ ಇಳಿಯುತ್ತಿದ್ದ. ಬಲಗಾಲಲ್ಲಿ ನಾಲ್ಕು ಮನೆ ಕುಂಟುತ್ತಾನೆ, ಎಡಗಾಲಲ್ಲಿ ಇನ್ನೂ ತಡವರಿಸುತ್ತಾನೆ. ಗೋಡೆ ಹಿಡಿಸಿ ದಿನಾ ಎಡಗಾಲನ್ನೇ ಮೊದಲು ಆಡಿಸಿ ಎಂದು ಅಜ್ಜಿಗೆ ಹೇಳಿ ಕಳಿಸಿದ್ದೇನೆ.