ಸಜ್ಜಾ ಬಿರುಕು: ಚಳಿಯಲ್ಲ, ಕಂಬಿಯ ತುಕ್ಕು

ತೀರ್ಥಹಳ್ಳಿಯ ಚಳಿಗೆ ಸಜ್ಜಾ (ಕಿಟಕಿ-ಬಾಗಿಲ ಮೇಲೆ ಹೊರಚಾಚಿದ ಕಾಂಕ್ರೀಟ್ ಹಲಗೆ) ಬಿರಿಯಿತೇ ಎಂದು ಕೇಳಿದ್ದೀರಿ. ಬಹುಶಃ ಒಳಗಿನ ಕಂಬಿಗೆ ತುಕ್ಕು ಹಿಡಿದಿದೆ. ನೀರು ಹೆಪ್ಪುಗಟ್ಟಿ ಸುಮಾರು 9% ಹಿಗ್ಗಿದಾಗ ಕಾಂಕ್ರೀಟ್ ಒಡೆಯುವುದು ಲಡಾಖ್‌ನಂಥ ಕಡೆ. ಮಲೆನಾಡಲ್ಲಿ ಮಳೆನೀರು ಇಳಿದು ಕಂಬಿ ತುಕ್ಕಾಗಿ ಊದಿಕೊಳ್ಳುತ್ತದೆ, ಸಿಮೆಂಟು ಸಿಡಿಯುತ್ತದೆ. ಫೋಟೋ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಬಿರುಕು ಕಂಬಿಯ ಗುಂಟ ನೇರವಾಗಿದ್ದು ಕಂದು ಕಲೆ ಇಳಿದಿದ್ದರೆ ತುಕ್ಕೇ ಕಾರಣ.

ಮೊದಲು ಸಜ್ಜಾ ಕೆಳಗೆ ಆಸರೆ ಕಂಬ ಕೊಡಿ. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಷ್ಟನ್ನೂ ಕೆತ್ತಿ. ಕಂಬಿಯ ಹಿಂದೆ ಬೆರಳು ಹೋಗುವಷ್ಟು ಜಾಗ ಬೇಕು. ಇಲ್ಲಿ ಅವಸರ ಮಾಡಿದರೆ ಒಳಗುಳಿದ ತುಕ್ಕು ತೇಪೆಯನ್ನು ಮತ್ತೆ ಎಬ್ಬಿಸುತ್ತದೆ. ವೈರ್ ಬ್ರಷ್‌ನಲ್ಲಿ ಕಂಬಿ ಹೊಳೆಯುವಂತೆ ಉಜ್ಜಿ. ತೀರಾ ಸವೆದಿದ್ದರೆ ಎಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ. ಆಮೇಲೆ ಕಂಬಿಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್ ಹಚ್ಚಿ, ಕೆತ್ತಿದ ಜಾಗಕ್ಕೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿ. ನೀರು ಒಳಕ್ಕೆ ಹರಿಯದೆ ಅಂಚಲ್ಲೇ ತೊಟ್ಟಿಕ್ಕಲು ಅಂಚಿನಡಿ ಉದ್ದಕ್ಕೂ ಸಣ್ಣ ಕಾಲುವೆಯಂಥ ಗೀರು ಬಿಡಿಸಿ. ಮುಂಗಾರಿಗೆ ಮುಂಚೆಯೇ ಮುಗಿಸಿ.