ಪದ್ಮಿನಿಯೋ, ಹಳೇ ಬೆಂಜ್ ಕಾರೋ?

ಬಳ್ಳಾರಿಯಲ್ಲಿ ಇಟ್ಟುಕೊಳ್ಳೋಕೆ ಪ್ರೀಮಿಯರ್ ಪದ್ಮಿನಿ ಒಳ್ಳೇದಾ, ಡಬ್ಲ್ಯೂ123 ಅನ್ನೋ ಹಳೇ ಮಾದರಿಯ ಬೆಂಜ್ 300ಡಿ ಒಳ್ಳೇದಾ ಅಂತ ಕೇಳಿದ್ದೀರಿ. ನನ್ನ ಓಟು ಪದ್ಮಿನಿಗೆ. 1089 ಸಿಸಿ ಇಂಜಿನ್, ಬಾನೆಟ್ ಎತ್ತಿದರೆ ಎಲ್ಲ ಕೈಗೆ ಸಿಗುತ್ತದೆ. ನಮ್ಮ ಬಿಸಿಲಿಗೆ ಮಾತ್ರ ಇಂಜಿನ್‌ಗೆ ಪೆಟ್ರೋಲ್ ಕಳಿಸೋ ಪಂಪಿನಲ್ಲೇ ಅದು ಆವಿಯಾಗಿ ಗಾಡಿ ನಿಂತುಬಿಡುತ್ತದೆ. ರಾಯಲ್ ಸರ್ಕಲ್ ಹತ್ತಿರ ನಾನೂ ಹಾಗೆ ನಿಂತಿದ್ದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದೆ, ಸ್ಟಾರ್ಟ್ ಆಯ್ತು.

ಬೆಂಜ್ ಸುಖವೇ ಬೇರೆ ಬಿಡಿ. ಮೂರು ಲೀಟರಿನ ಐದು ಸಿಲಿಂಡರ್ ಡೀಸೆಲ್, ಹೊಸಪೇಟೆಗೆ ಹೋಗಿಬಂದರೂ ಸೊಂಟ ನೋಯಲ್ಲ. ಆದರೆ ಉದ್ದ 4.7 ಮೀಟರ್, ಕೌಲ್ ಬಜಾರ್ ಗಲ್ಲಿಯಲ್ಲಿ ತಿರುಗಿಸೋಕೆ ಹೋದರೆ ಬೆವರು ಇಳಿಯುತ್ತದೆ! ಅದೇ ಬೇಕು ಅಂದರೆ ವ್ಯಾಕ್ಯೂಮ್ ಪೈಪುಗಳನ್ನು, ಅಂದರೆ ಗಾಳಿ ಹೀರೋ ಸಣ್ಣ ಕೊಳವೆಗಳನ್ನು, ಮೊದಲು ನೋಡಿ. ಕೀ ತಿರುಗಿಸಿದಾಗ ಇಂಜಿನ್ ಆಫ್ ಆಗೋದೇ ಆ ವ್ಯಾಕ್ಯೂಮ್‌ನಿಂದ. ಲೀಕ್ ಇದ್ದರೆ ಕೀ ತೆಗೆದರೂ ಇಂಜಿನ್ ಸುಮ್ನೆ ಓಡ್ತಾನೇ ಇರುತ್ತದೆ.